ಮಾರ್ಕೊ ಪೋಲೊ ಮುಗಿಯಿತು: ಅಪ್ಪನಿಗಾಗಿ ಕನ್ನಡ ನಿರೂಪಣೆ, ಏಳನೇ ವಾರ

ನಿನ್ನೆ ರಾತ್ರಿ ಕೊನೆಯ ಕಂತು ಕೇಳಿಸಿದೆ. 'ಡಾಕ್ಟರ್ ಹೂ' ಧಾರಾವಾಹಿಯ 'ಮಾರ್ಕೊ ಪೋಲೊ' ಕಥೆಗೆ ನನ್ನ ಕನ್ನಡ ನಿರೂಪಣೆ ಪೂರ್ತಿ ಆಯಿತು. ವಾರಕ್ಕೊಂದು ಕಂತು ಅಂದುಕೊಂಡಿದ್ದೆ, ಹಾಗೇ ನಡೆಯಿತು. ಅಪ್ಪ ಹೆಡ್‌ಫೋನ್ ತೆಗೆದು, "ಇನ್ನೊಂದು ಯಾವಾಗ?" ಅಂದರು. ತುಂಬಾ ಖುಷಿಯಾಯಿತು.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ 'ಡಾಕ್ಟರ್' ಮತ್ತು ಅವನ ಜೊತೆಗಾರರ ಈ ಬ್ರಿಟಿಷ್ ಟಿವಿ ಧಾರಾವಾಹಿ ಬಿಬಿಸಿಯಲ್ಲಿ ಶುರುವಾಗಿದ್ದು 1963ರ ನವೆಂಬರ್ 23ರಂದು. ಆಗ ವಿಡಿಯೋ ಟೇಪು ದುಬಾರಿ. ಪ್ರಸಾರ ಆದದ್ದನ್ನು ಅಳಿಸಿ ಅದೇ ಟೇಪಿಗೆ ಬೇರೆ ಕಾರ್ಯಕ್ರಮ ತುಂಬುತ್ತಿದ್ದರು. ಹಾಗಾಗಿ ಅರವತ್ತರ ದಶಕದ ಎಷ್ಟೋ ಕಂತುಗಳು ಕಳೆದುಹೋದವು. 'ಮಾರ್ಕೊ ಪೋಲೊ' 1964ರ ಫೆಬ್ರವರಿ 22ರಿಂದ ಏಪ್ರಿಲ್ 4ರವರೆಗೆ ಬಂದದ್ದು. ಏಳು ಕಂತುಗಳಲ್ಲಿ ಒಂದರ ಚಿತ್ರವೂ ಉಳಿದಿಲ್ಲ. ಆದರೆ ಧ್ವನಿ ಪೂರ್ತಿ ಉಳಿದಿದೆ! ಆಗಿನ ಕೆಲವು ಹುಡುಗರು ಮನೆಯ ಟಿವಿ ಮುಂದೆ ಮೈಕ್ ಇಟ್ಟು, ಇಲ್ಲವೇ ಟಿವಿಗೇ ವೈರ್ ಜೋಡಿಸಿ, ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದರು. ಆ ಟೇಪುಗಳನ್ನು ಶುಚಿ ಮಾಡಿ, ಚಿತ್ರ ಇಲ್ಲದ ಕಡೆ ನಿರೂಪಣೆ ಸೇರಿಸಿ ಬಿಬಿಸಿ ಕ್ಯಾಸೆಟ್, ಸಿಡಿಗಳನ್ನು ತಂದಿತು. 'ಮಾರ್ಕೊ ಪೋಲೊ' ಸಿಡಿ ಬಂದದ್ದು 2003ರಲ್ಲಿ. ಅದರ ನಿರೂಪಣೆ ವಿಲಿಯಂ ರಸೆಲ್ ಅವರದು. ಕಥೆಯಲ್ಲಿ ಡಾಕ್ಟರ್‌ನ ಜೊತೆಗಾರ ಇಯಾನ್ ಆಗಿ ನಟಿಸಿದವರೂ ಅವರೇ.

ಅಪ್ಪ ನಿವೃತ್ತ ಮೇಷ್ಟ್ರು. ಗ್ಲಾಕೋಮಾದಿಂದ ಕಣ್ಣು ಬಹಳ ಮಂದವಾಗಿದೆ. ಇಂಗ್ಲಿಷ್ ಚೆನ್ನಾಗಿ ಬರುತ್ತೆ. ಆದರೆ ಅರವತ್ತು ವರ್ಷದ ಹಿಂದಿನ ಬ್ರಿಟಿಷ್ ಉಚ್ಚಾರಣೆ, ಅದೂ ಟೇಪಿನ ಗೊರಗೊರದ ನಡುವೆ, ಕಿವಿಗೆ ಹತ್ತುವುದಿಲ್ಲ. ಅದಕ್ಕೇ ಮನೆ ಮಟ್ಟಿಗೆ ಈ ಕೆಲಸ ಹಿಡಿದೆ.

ಮೊದಲ ಕಂತಿನಲ್ಲಿ ನಾನು ಮಾಡಿದ್ದು ತಪ್ಪು. ಪ್ರತಿ ಸಂಭಾಷಣೆ ಆದಮೇಲೂ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. 25 ನಿಮಿಷದ ಕಂತು ಒಂದು ಗಂಟೆಯಾಯಿತು. ಅಪ್ಪ ಅರ್ಧಕ್ಕೇ ನಿಲ್ಲಿಸಿಬಿಟ್ಟರು. "ತಾಳಮದ್ದಲೆಯಲ್ಲಿ ಭಾಗವತರು ಮೊದಲು ಪದ ಹೇಳಿಬಿಡ್ತಾರೆ. ಮುಂದೆ ಏನಾಗುತ್ತೆ ಅಂತ ನಮಗೆ ಗೊತ್ತಾಗುತ್ತೆ. ಆಮೇಲೆ ಅರ್ಥಧಾರಿ ಹೇಗೆ ಹೇಳ್ತಾನೆ ಅಂತ ಕೇಳೋದೇ ಚಂದ. ನೀನು ಮಧ್ಯೆ ಬಾಯಿ ಹಾಕಬೇಡ ಮಾರಾಯ."

ಅಲ್ಲಿಂದ ಎಲ್ಲ ಬದಲಾಯಿತು. ಈಗ ಪ್ರತಿ ದೃಶ್ಯಕ್ಕೆ ಮೊದಲು ಎರಡು ಮೂರು ಸಾಲು ಕನ್ನಡ. ಯಾರಿದ್ದಾರೆ, ಎಲ್ಲಿ, ಯಾರಿಗೆ ಏನು ಬೇಕಾಗಿದೆ. ಅಷ್ಟೇ. ಆಮೇಲೆ ಮೂಲ ಧ್ವನಿ ಓಡುತ್ತದೆ, ನಾನು ಸುಮ್ಮನಿರುತ್ತೇನೆ. ಮೊದಲ ಕಂತಿಗೆ ಬರೆದಿದ್ದ 41 ಸಾಲು 18ಕ್ಕೆ ಇಳಿಯಿತು. ಕೆಲಸ ಧ್ವನಿ ಜೋಡಿಸುವ ತಂತ್ರಾಂಶ ಆಡಾಸಿಟಿಯಲ್ಲಿ: ಒಂದು ಟ್ರ್ಯಾಕ್‌ನಲ್ಲಿ ಸಿಡಿ, ಇನ್ನೊಂದರಲ್ಲಿ ನನ್ನ ದನಿ.

ಎರಡನೇ ಕಂತು ಗೋಬಿ ಮರುಭೂಮಿಯದು. ರಾತ್ರಿ ಡಾಕ್ಟರ್‌ನ ಮೊಮ್ಮಗಳು ಸೂಸನ್ ಮತ್ತು ಮಾರ್ಕೊ ಪೋಲೊ ಜೊತೆ ಪಯಣಿಸುತ್ತಿರುವ ಹುಡುಗಿ ಪಿಂಗ್-ಚೋ ಡೇರೆಯಿಂದ ಹೊರಗೆ ಹೋಗಿ ಮರಳು ಬಿರುಗಾಳಿಗೆ ಸಿಕ್ಕಿಕೊಳ್ಳುತ್ತಾರೆ. ಗಾಳಿ ಊಳಿಡುತ್ತದೆ, ಒಮ್ಮೆ ನಗುವ ಹಾಗೆ, ಒಮ್ಮೆ ಅಳುವ ಹಾಗೆ. ಇಲ್ಲಿ ನಾನು ನಾಲ್ಕು ಸಾಲು ಬರೆದಿದ್ದೆ. ಕೇಳಿಸುವ ಹಿಂದಿನ ದಿನ ಹೆಡ್‌ಫೋನ್ ಹಾಕಿ ಕೂತು, ನಾಲ್ಕನ್ನೂ ತೆಗೆದುಹಾಕಿದೆ. ಆ ಗಾಳಿಗೆ ಯಾವ ಮಾತೂ ಬೇಡ. ಅಪ್ಪ ಆ ಹೊತ್ತಿನಲ್ಲಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಮೂರನೇ ಕಂತು ಕಷ್ಟ ಕೊಟ್ಟಿತು. ಪಿಂಗ್-ಚೋ ಒಂದು ಕಥೆಯನ್ನು ಪದ್ಯದಂತೆ ಹೇಳುತ್ತಾಳೆ, ಜೊತೆಗೆ ಕೈ ಸನ್ನೆ. ಸನ್ನೆ ಈಗ ನಮಗೆ ಸಿಗುವುದಿಲ್ಲ. ಟಿವಿ ಪರದೆಯಿಂದಲೇ ತೆಗೆದ ಸಣ್ಣ ಫೋಟೋಗಳು, ಟೆಲಿಸ್ನ್ಯಾಪ್ ಅಂತಾರಲ್ವಾ, ಅವು ಇಲ್ಲಿ ನೆರವಾದವು. ಅವನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದವರು ನಿರ್ದೇಶಕ ವಾರಿಸ್ ಹುಸೇನ್. ಲಖನೌದಲ್ಲಿ ಹುಟ್ಟಿದವರು, ಧಾರಾವಾಹಿಯ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದವರೂ ಅವರೇ. ನಾಲ್ಕನೇ ಕಂತನ್ನು ಬೇರೆಯವರು ನಿರ್ದೇಶಿಸಿದ್ದರಿಂದ ಅದರ ಫೋಟೋ ಅವರ ಬಳಿ ಇರಲಿಲ್ಲ. ಆ ಕಂತಿಗೆ ಕಿವಿಯೊಂದೇ ಗತಿ. ನಾಲ್ಕು, ಐದನೇ ಕಂತುಗಳ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ, ಸಲೀಸಾಗಿ ಆದವು.

ಆರನೆಯದು ನನ್ನ ಅಚ್ಚುಮೆಚ್ಚಿನದು. ಕುದುರೆ ಸವಾರಿಯಿಂದ ಡಾಕ್ಟರ್‌ಗೆ ಬೆನ್ನು ಹಿಡಿದುಬಿಟ್ಟಿದೆ, ಬಗ್ಗಿ ನಮಸ್ಕಾರ ಮಾಡಲಾಗದು. ಚಕ್ರವರ್ತಿ ಕುಬ್ಲಾಯ್ ಖಾನ್‌ಗೆ ಕಾಲುನೋವು. ಇಬ್ಬರು ಮುದುಕರೂ ನರಳುತ್ತಾ ಒಬ್ಬರನ್ನೊಬ್ಬರು ಮಾತಾಡಿಸಿಕೊಳ್ಳುತ್ತಾರೆ. ಅಪ್ಪನಿಗೂ ಮಂಡಿನೋವು. ನಗು ತಡೆಯಲಾಗದೆ ಕೆಮ್ಮು ಬಂತು. ಆಮೇಲೆ ಇಬ್ಬರೂ ಬ್ಯಾಕ್‌ಗ್ಯಾಮನ್ ಆಡಲು ಕೂರುತ್ತಾರೆ. ನಾನು 'ಪಗಡೆಯಂಥ ಆಟ' ಅಂದೆ. ಡಾಕ್ಟರ್ ಗೆದ್ದದ್ದು 35 ಆನೆ, 4,000 ಬಿಳಿ ಕುದುರೆ, 25 ಹುಲಿ, ಜೊತೆಗೆ ಬರ್ಮಾದ ಒಂದು ವರ್ಷದ ವ್ಯಾಪಾರ. "ಕೊನೆಗೆ ಧರ್ಮರಾಯನ ಹಾಗೆ ಎಲ್ಲ ಸೋಲ್ತಾನೆ ನೋಡು," ಅಂದರು ಅಪ್ಪ. ಏಳನೇ ಕಂತಿನಲ್ಲಿ ಡಾಕ್ಟರ್ ಆಟದಲ್ಲಿ ಸೋತಾಗ, "ಹೇಳಿರಲಿಲ್ವಾ?" ಅಂದರು.

ಮಧ್ಯದಲ್ಲೊಂದು ದಿನ ಬಿಗ್ ಫಿನಿಶ್ ಸಂಸ್ಥೆಯ 2001ರ 'ಡಾಕ್ಟರ್ ಹೂ' ಧ್ವನಿ ನಾಟಕ 'ಸ್ಟಾರ್ಮ್ ವಾರ್ನಿಂಗ್' ಸ್ವಲ್ಪ ಕೇಳಿಸಿದೆ. 1930ರಲ್ಲಿ ಕರಾಚಿಗೆ ಹೊರಟು ಫ್ರಾನ್ಸ್‌ನಲ್ಲಿ ಬಿದ್ದ ಆರ್101 ವಾಯುನೌಕೆಯ ಕಥೆ. ಇದು ಕಿವಿಗೆಂದೇ ಬರೆದದ್ದು, ನಿರೂಪಕ ಬೇಡ. ಡಾಕ್ಟರ್ ಒಬ್ಬನೇ ಇದ್ದಾಗಲೂ ಕಂಡದ್ದನ್ನೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅನುಕೂಲ ನಿಜ. ಆದರೂ ನನಗೆ ಹಳೆಯ ಟೇಪೇ ಇಷ್ಟ. ಅಲ್ಲಿ ಮಾತಿಲ್ಲದ ಕಡೆ ಹೆಜ್ಜೆ ಸದ್ದು, ಬಟ್ಟೆಯ ಸರಸರ ಕೇಳುತ್ತೆ. ಅಲ್ಲಿ ಏನೋ ನಡೀತಿದೆ ಅಂತ ಮನಸ್ಸೇ ಹುಡುಕಿಕೊಳ್ಳುತ್ತೆ.

ಮುಂದಿನದು 'ದಿ ಮ್ಯಾಸಕರ್'. 1966ರ ಕಥೆ, ನಾಲ್ಕು ಕಂತು, ಸಿಡಿ ಬಂದದ್ದು 1999ರಲ್ಲಿ, ನಿರೂಪಣೆ ಪೀಟರ್ ಪರ್ವಿಸ್ ಅವರದು. 1572ರ ಪ್ಯಾರಿಸ್‌ನಲ್ಲಿ ನಡೆಯುತ್ತದೆ. ಇದಕ್ಕೆ ಟೆಲಿಸ್ನ್ಯಾಪ್ ಕೂಡ ಇಲ್ಲ. ಇನ್ನೊಂದು ತೊಡಕಿದೆ. ಡಾಕ್ಟರ್ ಆಗಿರುವ ವಿಲಿಯಂ ಹಾರ್ಟ್ನೆಲ್ ಇದರಲ್ಲಿ ಒಬ್ಬ ಮಠಾಧೀಶನ ಪಾತ್ರವನ್ನೂ ಮಾಡಿದ್ದಾರೆ. ಅಪ್ಪನಿಗೆ ಕೇಳುವುದು ಒಂದೇ ದನಿ. ಇದು ಡಾಕ್ಟರೇ ಅಥವಾ ಬೇರೆಯವನೇ ಅಂತ ಹೇಳಿಬಿಡಬೇಕಾ? ಕಥೆಯಲ್ಲಿ ಜೊತೆಗಾರ ಸ್ಟೀವನ್‌ಗೇ ಅದು ಗೊತ್ತಾಗುವುದಿಲ್ಲ. ಮೂರು ದಿನ ಯೋಚಿಸಿದೆ. ಹೇಳುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. 'ಮಠಾಧೀಶ ಒಳಗೆ ಬಂದ' ಅಂತಷ್ಟೇ ಬರೆದು, ಮೊದಲ ದೃಶ್ಯ ನಿನ್ನೆ ರಾತ್ರಿಯೇ ರೆಕಾರ್ಡ್ ಮಾಡಿದೆ.