ಮದುವೆಗೆ ಮುಂಚೆ ಆಪರೇಷನ್ ಮಾಡಿಸಿಬಿಟ್ರೆ ಸರಿಹೋಗುತ್ತಾ?

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೌನ್ಸೆಲರ್ ಆಗಿದ್ದೇನೆ. ಮಗಳು ಇನ್ನೂ ದೊಡ್ಡವಳಾಗಿಲ್ಲ ಅಂತ ತೋರಿಸೋಕೆ ಬರುತ್ತಾರೆ. ಗರ್ಭಕೋಶ ಇಲ್ಲ, ಯೋನಿಯೂ ಬೆಳೆದಿಲ್ಲ ಅಂತ ಗೊತ್ತಾಗುತ್ತದೆ. ಆಮೇಲೆ ಅಮ್ಮಂದಿರು ಕೇಳುವುದು ಇದೊಂದೇ ಪ್ರಶ್ನೆ. ಮೆತ್ತಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಏನು ಸರಿಹೋಗಬೇಕು? ಇದಕ್ಕೆ ಎಂಆರ್‌ಕೆಎಚ್ ಅಂತಾರೆ. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಹೀಗಿರುತ್ತದೆ. ನೀವು ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೆ ಆದದ್ದಲ್ಲ. ಅಂಡಾಶಯ ಚೆನ್ನಾಗೇ ಕೆಲಸ ಮಾಡುತ್ತದೆ, ಎದೆ ಬೆಳೆಯುತ್ತದೆ. ಅವಳು ಹೆಣ್ಣೇ, ಅನುಮಾನವೇ ಬೇಡ. ಕೆಲವರಿಗೆ ಒಂದೇ ಕಿಡ್ನಿ ಇರುತ್ತದೆ, ಅದನ್ನು ನೋಡಿಸಬೇಕು. ಆದರೆ ಕಿಡ್ನಿ ಬಗ್ಗೆ ಯಾರೂ ಕೇಳಲ್ಲ. ಕೇಳುವುದು, "ಗಂಡಿನ ಕಡೆಯವರಿಗೆ ಗೊತ್ತಾಗುತ್ತಾ?" ಅಂತ. ಆಪರೇಷನ್ ಆದರೂ ಮುಟ್ಟು ಬರುವುದಿಲ್ಲ. ಎಷ್ಟು ತಿಂಗಳು ಮುಚ್ಚಿಡ್ತೀರಿ?

ಹೋಗಲಿ, ಆಪರೇಷನ್ ವಿಷಯಕ್ಕೆ ಬರುತ್ತೇನೆ. ಮೊದಲು ಹೇಳುವುದು ಅದನ್ನಲ್ಲ, ಡೈಲೇಟರ್. ಬೆರಳಿನಂಥ ನಯವಾದ ಕಡ್ಡಿ. ಅವಳೇ ದಿನಾ ಸ್ವಲ್ಪ ಹೊತ್ತು ಅದನ್ನು ಯೋನಿಯ ಜಾಗಕ್ಕೆ ಒತ್ತಿ ಹಿಡಿಯಬೇಕು. ತಿಂಗಳುಗಟ್ಟಲೆ ಮಾಡಿದರೆ ದಾರಿ ನಿಧಾನವಾಗಿ ಆಳವಾಗುತ್ತದೆ. ಮನಸ್ಸಿಟ್ಟು ಮಾಡಿದವರಲ್ಲಿ ಹೆಚ್ಚಿನವರಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ಅದಾಗದಿದ್ದರೆ ತೊಡೆಯ ಚರ್ಮ, ಹೊಟ್ಟೆಯೊಳಗಿನ ಪೊರೆ ಅಥವಾ ದೊಡ್ಡ ಕರುಳಿನ ತುಂಡು ಬಳಸಿ ಯೋನಿ ಮಾಡುತ್ತಾರೆ. ಚರ್ಮದಿಂದ ಮಾಡಿದರೆ ತಿಂಗಳುಗಟ್ಟಲೆ ಒಳಗೆ ಮೋಲ್ಡ್, ಅಂದರೆ ದಾರಿ ಮುಚ್ಚದಂತೆ ಹಿಡಿಯುವ ಅಚ್ಚು, ಇಟ್ಟುಕೊಳ್ಳಬೇಕು. ಬಿಟ್ಟರೆ ದಾರಿ ಮತ್ತೆ ಕಿರಿದಾಗುತ್ತದೆ. ಮನಸ್ಸಿಲ್ಲದ ಹುಡುಗಿ ಇದನ್ನೆಲ್ಲ ಹೇಗೆ ಮಾಡ್ತಾಳೆ? ಛತ್ರ ಬುಕ್ ಆಗಿದೆ ಅಂತ ಮಾಡಿಸುವ ಕೆಲಸ ಅಲ್ಲ ಇದು.

ಒಂದು ಸಲ ಡಿಗ್ರಿ ಓದುವ 19ರ ಹುಡುಗಿ ಬಂದಿದ್ದಳು. ಅವರಮ್ಮ ಇಪ್ಪತ್ತು ನಿಮಿಷ ಮಾತಾಡಿದರು. ಅವಳು ಕಾಲೇಜಿನ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. ಬೆರಳ ತುದಿ ಬೆಳ್ಳಗಾಗುವವರೆಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಫೈಲ್ ತರಲಿ ಅಂತ ಅಮ್ಮನನ್ನು ಕೌಂಟರಿಗೆ ಕಳಿಸಿದೆ. ಬಾಗಿಲು ಮುಚ್ಚಿದ ತಕ್ಷಣ ಕೇಳಿದಳು: "ಮೇಡಂ, ನಾನೀಗ ಬೇಡ ಅಂದ್ರೆ ಏನಾದ್ರೂ ತೊಂದ್ರೆ ಆಗುತ್ತಾ?"

ನನ್ನನ್ನು ಕೇಳಬೇಕಾದ ಪ್ರಶ್ನೆ ಇದೇ ಅಲ್ವಾ! ಇಲ್ಲ ಕಣಮ್ಮಾ, ಆಗಲ್ಲ ಅಂದೆ. ನಿನಗೆ ಹೊಟ್ಟೆನೋವಿಲ್ಲ, ಅವಸರವೂ ಇಲ್ಲ. ಮೂವತ್ತಕ್ಕೂ ಮಾಡಿಸಬಹುದು, ಮಾಡಿಸದೆಯೂ ಇರಬಹುದು. ಆಮೇಲೆ ಅವಳು ಮಕ್ಕಳ ಬಗ್ಗೆ ಕೇಳಿದಳು. ಅಂಡಾಣು ನಿನ್ನವೇ ಇವೆ, ಬಾಡಿಗೆ ತಾಯ್ತನಕ್ಕೆ ಕಾನೂನಿನಲ್ಲಿ ದಾರಿ ಇದೆ ಅಂದೆ. 2014ರಲ್ಲಿ ಸ್ವೀಡನ್‌ನಲ್ಲಿ ಕಸಿ ಮಾಡಿದ ಗರ್ಭಕೋಶದಲ್ಲಿ ಬೆಳೆದ ಮೊದಲ ಮಗು ಹುಟ್ಟಿತು, ಆ ತಾಯಿಗೂ ನಿನ್ನ ಹಾಗೇ ಇತ್ತು ಅಂದೆ. ದಾರ ಸುತ್ತುವುದನ್ನು ಬಿಟ್ಟು ಕೇಳಿಸಿಕೊಂಡಳು.

ಅಮ್ಮಂದಿರೇ, ನಿಮ್ಮ ಭಯ ನನಗೆ ಗೊತ್ತು. ಮಗಳನ್ನು ಕರೆದುಕೊಂಡು ಬನ್ನಿ. ಮೊದಲ ಹತ್ತು ನಿಮಿಷ ಮಾತ್ರ ನೀವು ಹೊರಗೆ ಕೂತಿರಿ. ಕೆಳಗೆ ಕ್ಯಾಂಟೀನಿನಲ್ಲಿ ಕಾಫಿ ಚೆನ್ನಾಗಿರುತ್ತದೆ.