ಟ್ರಾಮಾ ಸೆಂಟರಿಗಾಗಿ ಸಹಾಯಾರ್ಥ ಔತಣಕೂಟ: ಮುಯ್ಯಿ ಬರೆಯುವವರ ಶಿಸ್ತು ಬೇಕು

ಮದುವೆ ಛತ್ರದ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಕೂತು ಮುಯ್ಯಿ ಬರೆಯುವವರನ್ನು ಗಮನಿಸಿ. ಕವರ್ ಕೈಗೆ ಬಂದ ಕೂಡಲೇ ಊರು, ಹೆಸರು, ಮೊತ್ತ ಮೂರೂ ಪುಸ್ತಕಕ್ಕೆ ಇಳಿಯುತ್ತವೆ. ಪಕ್ಕದಲ್ಲೊಬ್ಬರು ಎಣಿಸುತ್ತಾರೆ, ಇನ್ನೊಬ್ಬರು ಚೀಲಕ್ಕೆ ಹಾಕುತ್ತಾರೆ. ಊಟ ಮುಗಿಯುವ ಹೊತ್ತಿಗೆ ಲೆಕ್ಕವೂ ಮುಗಿದಿರುತ್ತದೆ. ಆಸ್ಪತ್ರೆಗಾಗಿ ದೊಡ್ಡ ಹೋಟೆಲಿನಲ್ಲಿ ನಡೆಯುವ ಸಹಾಯಾರ್ಥ ಔತಣಕೂಟಗಳಲ್ಲಿ ಎಲ್‌ಇಡಿ ಗೋಡೆ, ನಿರೂಪಕಿ, ಗಾಯಕರು ಎಲ್ಲ ಇರುತ್ತಾರೆ, ಈ ಪುಸ್ತಕ ಮಾತ್ರ ಇರುವುದಿಲ್ಲ. ವೇದಿಕೆಯ ಮೇಲೆ 60 ಲಕ್ಷ ಘೋಷಣೆಯಾಗುತ್ತದೆ, ಮೂರು ತಿಂಗಳ ನಂತರ ಬ್ಯಾಂಕಿನಲ್ಲಿ ಅಷ್ಟು ಇರುವುದಿಲ್ಲ. ಕೊಡುವವರ ಮನಸ್ಸು ಕೆಟ್ಟದಲ್ಲ. ಕೈ ಎತ್ತಿದ ಗಳಿಗೆಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ, ಅಷ್ಟೇ.

ಅಪಘಾತದ ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಟ್ರಾಮಾ ಸೆಂಟರಿಗೆ ಹಣ ಕೇಳುವುದು ಮಕ್ಕಳ ಹೃದ್ರೋಗಕ್ಕೋ ಕ್ಯಾನ್ಸರಿಗೋ ಕೇಳಿದಷ್ಟು ಸುಲಭವಲ್ಲ. ಅಲ್ಲಿ ರೋಗಿಗೊಂದು ಮುಖವಿದೆ, ಚಿಕಿತ್ಸೆಗೊಂದು ದಿನಾಂಕವಿದೆ. ಇಲ್ಲಿ ಬರುವವರು ಯಾರೆಂದು ಬರುವ ತನಕ ಗೊತ್ತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ದ್ವಿಚಕ್ರ ವಾಹನದವರು. ಡೆಲಿವರಿ ಹುಡುಗ, ಗಾರ್ಮೆಂಟ್ ಕೆಲಸ ಮುಗಿಸಿ ಗಂಡನ ಗಾಡಿಯ ಹಿಂದೆ ಕೂತು ಹೊರಟವಳು, ಹೊಲದಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ ಹಿರಿಯರು. ಇಂಥವರಿಗಾಗಿ ಕೇಳುವಾಗ ಏನು ಬೇಕು, ಎಷ್ಟು ಬೇಕು, ಏಕೆ ಬೇಕು ಎಂಬುದು ಬೆರಳ ತುದಿಯಲ್ಲಿರಬೇಕು.

ಕೇಳುವ ಪಟ್ಟಿ ಈವೆಂಟ್ ಕಂಪನಿಯಿಂದ ಬರಬಾರದು, ಆಸ್ಪತ್ರೆಯ ಆಡಳಿತ ಮಂಡಳಿಯ ಕೊಠಡಿಯಿಂದಲೂ ಬರಬಾರದು. ರಾತ್ರಿ ಪಾಳಿಯ ನರ್ಸಿಂಗ್ ಇನ್‌ಚಾರ್ಜ್, ತುರ್ತು ವಿಭಾಗದ ವೈದ್ಯರು, ಬಯೋಮೆಡಿಕಲ್ ಎಂಜಿನಿಯರ್, ಸ್ಟೋರ್ಸ್‌ನವರು ಈ ನಾಲ್ವರನ್ನೂ ಒಂದೇ ಮೇಜಿಗೆ ಕೂರಿಸಿ ಬರೆಸಬೇಕು. ವೆಂಟಿಲೇಟರ್ ಬೇಕು ಎಂದು ವೈದ್ಯರು ಹೇಳುತ್ತಾರೆ. ಅದಕ್ಕೆ ಆಕ್ಸಿಜನ್ ಪಾಯಿಂಟ್ ಇಲ್ಲ, ಇರುವ ಎರಡು ಯಂತ್ರ ಬ್ಯಾಟರಿ ಹೋಗಿ ಮೂಲೆಯಲ್ಲಿವೆ ಎಂದು ಎಂಜಿನಿಯರ್ ಹೇಳುತ್ತಾರೆ. ಯಂತ್ರಕ್ಕೆ ಜೋಡಿಸುವ ಉಸಿರಿನ ಕೊಳವೆ, ಅಂದರೆ ಸರ್ಕ್ಯೂಟ್, ಮತ್ತು ಫಿಲ್ಟರ್ ತಿಂಗಳ ಕೊನೆಯಲ್ಲಿ ಮುಗಿಯುತ್ತವೆ ಎಂದು ಸ್ಟೋರ್ಸ್‌ನವರು ಹೇಳುತ್ತಾರೆ. ಈ ಮೂರು ಮಾತು ಒಟ್ಟಿಗೆ ಕೇಳಿದ ಮೇಲೆಯೇ ಕೇಳಬೇಕಾದ ಮೊತ್ತ ಗೊತ್ತಾಗುವುದು.

ಲೆಕ್ಕಕ್ಕೆ ಒಂದು ಉದಾಹರಣೆ. ವೆಂಟಿಲೇಟರಿನ ಬೆಲೆ 8 ಲಕ್ಷ ಎಂದಿಟ್ಟುಕೊಳ್ಳಿ. ವಾರಂಟಿ ಎರಡು ವರ್ಷ. ಮುಂದಿನ ಮೂರು ವರ್ಷಕ್ಕೆ ಬಿಡಿಭಾಗ ಸೇರಿದ ನಿರ್ವಹಣಾ ಒಪ್ಪಂದ, ಅಂದರೆ ಸಿಎಂಸಿ, ವರ್ಷಕ್ಕೆ ಶೇ 6 ಎಂದರೆ 1.44 ಲಕ್ಷ. ಜಿಎಸ್‌ಟಿ ಸೇರಿದರೆ 1.7 ಲಕ್ಷ. ರೋಗಿಯೊಬ್ಬರಿಗೆ ಸರ್ಕ್ಯೂಟ್, ಫಿಲ್ಟರ್, ಸಕ್ಷನ್ ಕ್ಯಾತಿಟರ್ ಸೇರಿ 1,500 ರೂಪಾಯಿ ಹಿಡಿದು, ವರ್ಷಕ್ಕೆ 100 ರೋಗಿಗಳೆಂದರೆ ಎರಡು ವರ್ಷಕ್ಕೆ 3 ಲಕ್ಷ. ದಾನಿಯ ಮುಂದಿಡುವ ಕಾರ್ಡಿನ ಮೇಲೆ ಬರೆಯಬೇಕಾದ ಮೊತ್ತ 12.7 ಲಕ್ಷ, 8 ಲಕ್ಷ ಅಲ್ಲ. 8 ಲಕ್ಷ ಕೇಳಿ ಪಡೆದ ಯಂತ್ರ ಮೂರನೇ ವರ್ಷ ಬಟ್ಟೆ ಹೊದ್ದು ನಿಂತರೆ ದಾನಿಗೂ ಬೇಸರ, ರೋಗಿಗೂ ನಷ್ಟ. ಹೀಗೆ ವಿವರವಾಗಿ ಬಿಡಿಸಿ ತೋರಿಸಿದರೆ ದಾನಿಗಳು ಹಿಂಜರಿಯುತ್ತಾರೆ ಎಂಬ ಭಯ ಬೇಡ. ವ್ಯಾಪಾರ ಮಾಡಿದವರಿಗೆ ಮೆಂಟೆನೆನ್ಸ್ ಎಂದರೆ ಏನೆಂದು ಚೆನ್ನಾಗಿ ಗೊತ್ತು.

ಪಟ್ಟಿಯಲ್ಲಿ ಕಾಗದಪತ್ರ ಬೇಡುವ ವಸ್ತುಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಹೊಟ್ಟೆಯೊಳಗಿನ ರಕ್ತಸ್ರಾವವನ್ನು ಹಾಸಿಗೆಯ ಪಕ್ಕದಲ್ಲೇ ಪತ್ತೆ ಹಚ್ಚಲು ಅಲ್ಟ್ರಾಸೌಂಡ್ ಬೇಕೇ ಬೇಕು. ಆದರೆ ಅದು ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನೋಂದಣಿಯಾದ ಕೇಂದ್ರಕ್ಕೆ ಮಾತ್ರ ಮಾರಬಹುದು, ಹೊಸ ಯಂತ್ರ ಸೇರಿಸುವ ಮೊದಲು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಿರಬೇಕು. ಪ್ರೀತಿಯಿಂದ ದಾನಿಯೇ ಕೊಂಡು ತಂದು ವೇದಿಕೆಯ ಮೇಲೆ ಕೊಡುವ ವಸ್ತು ಅದಲ್ಲ. ಆಪರೇಷನ್ ಥಿಯೇಟರಿನ ಎಕ್ಸ್‌ರೇ ಯಂತ್ರವಾದ ಸಿ-ಆರ್ಮ್‌ಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಅನುಮತಿ, ಲೆಡ್ ಏಪ್ರನ್, ಸಿಬ್ಬಂದಿಗೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಬೇಕು. ಇವುಗಳಿಗೆ ಹಣವನ್ನೇ ಕೇಳಿ, ಖರೀದಿ ಆಸ್ಪತ್ರೆಯ ಹೆಸರಿನಲ್ಲೇ ಆಗಲಿ. ವಸ್ತುರೂಪದ ದಾನಕ್ಕೆ 80ಜಿ, ಅಂದರೆ ದೇಣಿಗೆಗೆ ಸಿಗುವ ಆದಾಯ ತೆರಿಗೆ ಕಡಿತವೂ ಸಿಗುವುದಿಲ್ಲ. ದಾನಿಗೆ ಇದನ್ನು ಮೊದಲೇ ಹೇಳುವುದು ಮರ್ಯಾದೆ.

ಸಣ್ಣ ಮೊತ್ತಕ್ಕೂ ಒಂದು ಜಾಗ ಇರಲಿ. ಒಬ್ಬ ಗಾಯಾಳುವಿನ ಮೊದಲ ಗಂಟೆಗೆ ಬೇಕಾದ ಸಾಮಗ್ರಿಯನ್ನು ಒಂದು ಟ್ರೇಯಲ್ಲಿಟ್ಟು ಸಭಾಂಗಣದ ಬಾಗಿಲಲ್ಲೇ ತೋರಿಸಬಹುದು: ಕತ್ತಿಗೆ ಸರ್ವೈಕಲ್ ಕಾಲರ್, ಸೊಂಟದ ಮೂಳೆ ಮುರಿದಾಗ ಬಿಗಿಯುವ ಪೆಲ್ವಿಕ್ ಬೈಂಡರ್, ರಕ್ತನಾಳಕ್ಕೆ ಹಾಕುವ 14 ಮತ್ತು 16 ಗೇಜಿನ ದಪ್ಪ ಕ್ಯಾನುಲಾ, ಎದೆಯೊಳಗೆ ತುಂಬಿದ ರಕ್ತ, ಗಾಳಿ ಹೊರತೆಗೆಯುವ 28 ಫ್ರೆಂಚ್ ಅಳತೆಯ ಚೆಸ್ಟ್ ಟ್ಯೂಬ್, ಅದಕ್ಕೆ ಹೊಂದುವ ಬಾಟಲಿ, ಮತ್ತು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್. ಈ ಕೊನೆಯದರ ಬಗ್ಗೆ ಎರಡು ಮಾತು ಹೇಳಲೇಬೇಕು. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ 40 ದೇಶಗಳ 20,211 ಗಾಯಾಳುಗಳ ಮೇಲೆ ನಡೆದದ್ದು. ರಕ್ತಸ್ರಾವದ ಗಾಯಾಳುವಿಗೆ ಇದನ್ನು ಬೇಗ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ಮೊದಲು 10 ನಿಮಿಷದಲ್ಲಿ 1 ಗ್ರಾಂ, ಆಮೇಲೆ 8 ಗಂಟೆಯಲ್ಲಿ ಇನ್ನೊಂದು ಗ್ರಾಂ. ಗಾಯವಾಗಿ ಮೂರು ಗಂಟೆ ದಾಟಿದ ಮೇಲೆ ಶುರು ಮಾಡಿದರೆ ಪ್ರಯೋಜನವಿಲ್ಲ, ಹಾನಿಯೂ ಆಗಬಹುದು. ಬೆಲೆ ತೀರಾ ಕಡಿಮೆ. ಆ ಸಣ್ಣ ಗಾಜಿನ ಆಂಪೂಲನ್ನು ಅತಿಥಿಗಳು ಕೈಯಲ್ಲಿ ಹಿಡಿದು ನೋಡಲಿ. ಹತ್ತು ನಿಮಿಷದ ವಿಡಿಯೋ ಮಾಡಲಾಗದ್ದನ್ನು ಅದು ಮಾಡುತ್ತದೆ.

ವಿಡಿಯೋ ವಿಷಯಕ್ಕೆ ಬಂದರೆ, ಬದುಕುಳಿದ ರೋಗಿಯನ್ನು ವೇದಿಕೆಗೆ ಕರೆಯುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಕ್ಷಣ ತಡೆಯಿರಿ. ಅಪಘಾತದ ಪ್ರತಿ ಕೇಸೂ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕಾನೂನು ಪ್ರಕರಣ. ಸಾಮಾನ್ಯವಾಗಿ ಎಫ್‌ಐಆರ್ ಆಗಿರುತ್ತದೆ, ಪರಿಹಾರಕ್ಕಾಗಿ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಅರ್ಜಿ ನಡೆಯುತ್ತಿರಬಹುದು. ಅಂಗವೈಕಲ್ಯಕ್ಕೆ ಪರಿಹಾರ ಕೇಳಿರುವ ಮನುಷ್ಯ ನಗುನಗುತ್ತ ವೇದಿಕೆ ಹತ್ತುವ ವಿಡಿಯೋ ನಾಳೆ ಎದುರು ವಕೀಲರ ಕೈಗೆ ಸಿಗಬಹುದು. ಕೇಸು ಮುಗಿದಿದೆಯೇ ಎಂದು ಅವರ ವಕೀಲರನ್ನೇ ಕೇಳಿ, ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ಪಡೆಯಿರಿ. ಚಿಕಿತ್ಸೆಯಲ್ಲಿ ರಿಯಾಯಿತಿ ಪಡೆದವರು ಬೇಡ ಎನ್ನಲು ಸಂಕೋಚಪಡುತ್ತಾರೆ ಎಂಬುದೂ ನೆನಪಿರಲಿ. ಗಾಯಾಳುವನ್ನು ಆಸ್ಪತ್ರೆಗೆ ತಂದು ಸೇರಿಸಿದವರನ್ನು ಸನ್ಮಾನಿಸುವಾಗಲೂ ಹೀಗೆಯೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ನೆರವಾದವರಿಗೆ ರಕ್ಷಣೆ ಕೊಟ್ಟಿದೆ, ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ನಾವು ಫ್ಲೆಕ್ಸ್ ಮೇಲೆ ಹಾಕಿಬಿಟ್ಟರೆ ಆ ರಕ್ಷಣೆಗೆ ಅರ್ಥವೇನು?

ದಿನಾಂಕ ಗೊತ್ತುಮಾಡುವಾಗ ಪಂಚಾಂಗ ನೋಡಿ, ಆದರೆ ಮದುವೆಯವರು ನೋಡುವುದಕ್ಕೆ ವಿರುದ್ಧವಾಗಿ ನೋಡಿ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಹಾಲ್ ಖಾಲಿ, ಬಾಡಿಗೆ ಚೌಕಾಸಿಗೆ ಜಾಗವಿದೆ. ಪಿತೃಪಕ್ಷದಲ್ಲಿ ಹೊರಗೆ ಊಟ ಮಾಡದವರು ಇರುತ್ತಾರೆ, ಅದನ್ನು ಬಿಡುವುದು ಒಳ್ಳೆಯದು. ಜನವರಿಯ ಮೊದಲ ಎರಡು ವಾರ ಹೆಚ್ಚು ಅನುಕೂಲ: ಹೊಸ ವರ್ಷದ ಗಲಾಟೆ ಮುಗಿದಿರುತ್ತದೆ, ಸಂಕ್ರಾಂತಿ ಇನ್ನೂ ಬಂದಿರುವುದಿಲ್ಲ, ಮಾರ್ಚ್ 31ರೊಳಗೆ ವಾಗ್ದಾನ ವಸೂಲಾಗಲು ಎರಡೂವರೆ ತಿಂಗಳು ಸಿಗುತ್ತದೆ. ಶನಿವಾರ ರಾತ್ರಿ ಬೇಡ. ಅಂದು ಟ್ರಾಮಾ ವಾರ್ಡು ತುಂಬಿರುತ್ತದೆ, ಮಾತಾಡಬೇಕಾದ ವೈದ್ಯರು ಬರಲಾರರು, ಬಂದರೂ ಬರಬಾರದು. ಮತ್ತೊಂದು ವಿಷಯದಲ್ಲಿ ರಾಜಿ ಬೇಡ: ಕುಡಿದು ಗಾಡಿ ಓಡಿಸಿದವರ ಗಾಯ ಹೊಲಿಯುವ ಜಾಗಕ್ಕೆ ಹಣ ಕೂಡಿಸುವ ಕೂಟದಲ್ಲಿ ಮದ್ಯ ಇರಕೂಡದು.

ಖರ್ಚಿನ ಕಡೆ ಹೆಚ್ಚು ಹೇಳುವುದಿಲ್ಲ. 300 ಜನ, ಹತ್ತು ಜನರ 30 ಮೇಜು, ತೆರಿಗೆ ಸೇರಿ ಪ್ಲೇಟಿಗೆ 2,200 ಎಂದರೆ ಊಟಕ್ಕೇ 6.6 ಲಕ್ಷ. ಹೋಟೆಲಿನವರು ಗ್ಯಾರಂಟಿ ಕೊಟ್ಟ ಸಂಖ್ಯೆಗೆ ಬಿಲ್ ಮಾಡುತ್ತಾರೆ, ಬಂದವರ ಸಂಖ್ಯೆಗಲ್ಲ. ಬರುತ್ತೇವೆಂದು ಹೇಳಿದವರ ಶೇ 85ಕ್ಕೆ ಮಾತ್ರ ಗ್ಯಾರಂಟಿ ಕೊಡಿ. ಊಟ, ವೇದಿಕೆ, ಧ್ವನಿ ಎಲ್ಲದಕ್ಕೂ ಒಬ್ಬ ಪ್ರಾಯೋಜಕರನ್ನು ಮೊದಲೇ ಹುಡುಕಿದರೆ "ನೀವು ಕೊಟ್ಟದ್ದು ಪೂರ್ತಿ ವಾರ್ಡಿಗೇ ಹೋಗುತ್ತದೆ" ಎಂದು ನಿಜವಾಗಿಯೂ ಹೇಳಬಹುದು. ತೆರೆದ ಬಯಲಿನಲ್ಲಾದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, ಎಲ್ಲೇ ಆದರೂ ಹಣ ಕೇಳುವ ಭಾಗ 8.15ಕ್ಕೆ ಶುರುವಾಗಲಿ, ಊಟ ಆಮೇಲೆ. ಹೊಟ್ಟೆ ತುಂಬಿದವರು ಕೈ ತೊಳೆದು ನೇರ ಕಾರಿಗೆ ಹೋಗುತ್ತಾರೆ.

ಹಣ ಕೇಳುವ ಆ ಇಪ್ಪತ್ತು ನಿಮಿಷವೇ ಇಡೀ ಸಂಜೆ. ದೊಡ್ಡ ಮೊತ್ತದಿಂದ ಇಳಿಯುತ್ತ ಬರಬೇಕು: 5 ಲಕ್ಷ, 2 ಲಕ್ಷ, 1 ಲಕ್ಷ, 50,000, 25,000, 10,000. ಮೇಲಿನ ಎರಡು ಹಂತದಲ್ಲಿ ಕನಿಷ್ಠ ಒಬ್ಬೊಬ್ಬರಾದರೂ ಮೊದಲೇ ಒಪ್ಪಿರಬೇಕು, ನಿಜವಾಗಿ ಒಪ್ಪಿರಬೇಕು. ಮೊದಲ ಹಂತದಲ್ಲಿ ಒಂದೂ ಕೈ ಏಳದಿದ್ದರೆ ಸಭೆ ತಣ್ಣಗಾಗುತ್ತದೆ, ಮತ್ತೆ ಬಿಸಿಯಾಗುವುದಿಲ್ಲ. ಆದರೆ ಸುಳ್ಳು ಕೈ ಎತ್ತಿಸಬೇಡಿ. ಊರಿನ ಗಣೇಶನ ಲಡ್ಡು ಸವಾಲಿನಲ್ಲೂ ಅದು ನಾಲ್ಕು ದಿನದಲ್ಲಿ ಬಯಲಾಗುತ್ತದೆ.

ಕೈ ಎದ್ದ ಕ್ಷಣದಿಂದ ಕೆಲಸ ಹೀಗೆ ನಡೆಯಬೇಕು. ಐದು ಮೇಜಿಗೆ ಒಬ್ಬ ಗುರುತು ಹಿಡಿಯುವವರು. ಅವರು ಮೇಜಿನ ಸಂಖ್ಯೆ, ಅತಿಥಿಗೆ ಕೊಟ್ಟ ಕೈಪಟ್ಟಿಯ ಸಂಖ್ಯೆ, ಮೊತ್ತ ಬರೆದು ಓಡುವವರಿಗೆ ಕೊಡುತ್ತಾರೆ. ಓಡುವವರು ಮೂರು ಪ್ರತಿಯ ಚೀಟಿ ಹಿಡಿದು ಐದು ನಿಮಿಷದೊಳಗೆ ಆ ಮೇಜಿಗೆ ಹೋಗುತ್ತಾರೆ. ಚೀಟಿಯಲ್ಲಿ ಇರಬೇಕಾದ್ದು: ರಸೀದಿ ಯಾರ ಹೆಸರಿಗೆ, ಪ್ಯಾನ್, ವಿಳಾಸ, ಮೊಬೈಲ್, ಮೊತ್ತ, ಯಾವುದಕ್ಕಾಗಿ, ಯಾವ ತಾರೀಕಿನೊಳಗೆ, ಸಹಿ. ಬಿಳಿ ಪ್ರತಿ ದಾನಿಗೆ, ಹಳದಿ ಅಕೌಂಟ್ಸ್‌ಗೆ, ಗುಲಾಬಿ ಫಾಲೋಅಪ್ ಮಾಡುವವರಿಗೆ. ಎಡವುವುದು ಹೆಚ್ಚಾಗಿ ರಸೀದಿಯ ಹೆಸರಿನಲ್ಲಿ. ಕೈ ಎತ್ತಿದ್ದು ಯಜಮಾನರು, ಹಣ ಬಂದದ್ದು ಕಂಪನಿ ಖಾತೆಯಿಂದ, ರಸೀದಿ ಕೇಳುವುದು ಹೆಂಡತಿಯ ಹೆಸರಿಗೆ. ಯಾರ ಖಾತೆಯಿಂದ ಹಣ ಬಂತೋ ಅವರ ಹೆಸರಿಗೇ ರಸೀದಿ ಎಂದು ಚೀಟಿಯ ಮೇಲೆಯೇ ಅಚ್ಚು ಹಾಕಿಸಿ.

ಸ್ಥಳದಲ್ಲೇ ಪಾವತಿಗೆ ಕ್ಯೂಆರ್ ಇಟ್ಟರೂ ಸಾಮಾನ್ಯ ಯುಪಿಐ ಮಿತಿ ದಿನಕ್ಕೆ 1 ಲಕ್ಷ. 2 ಲಕ್ಷ ಹೇಳಿದವರ ಫೋನಿನಲ್ಲಿ ಕೆಂಪು ಗುರುತು ಬಂದು ಎಲ್ಲರೆದುರು ಮುಜುಗರವಾಗಬಹುದು. ದೊಡ್ಡ ಮೊತ್ತಕ್ಕೆ ಚೆಕ್ ಅಥವಾ ಮಾರನೇ ದಿನದ ಆರ್‌ಟಿಜಿಎಸ್ ಎಂದು ಓಡುವವರೇ ಮೊದಲು ಹೇಳಲಿ. ನಗದು 2,000 ದಾಟಿದರೆ 80ಜಿ ಇಲ್ಲ. ಮೇಜಿನ ಮೇಲೆ ಹುಂಡಿ ಇಡಬೇಡಿ: ಹೆಸರು ವಿಳಾಸವಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಆಸ್ಪತ್ರೆಯ ಟ್ರಸ್ಟು ಶೇ 30 ತೆರಿಗೆ ಕಟ್ಟಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಕಡಿತವೇ ಇಲ್ಲ, ಅದನ್ನು ಆಮಿಷವಾಗಿ ಎಲ್ಲರಿಗೂ ಹೇಳಬಾರದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಕಲಮುಗಳ ಸಂಖ್ಯೆಯೂ ಬದಲಾಗಿದೆ. ಹಳೆಯ ರಸೀದಿ ಪುಸ್ತಕವನ್ನು ಆಡಿಟರಿಗೆ ತೋರಿಸದೆ ಅಚ್ಚಿಗೆ ಕೊಡಬೇಡಿ.

ಕಂಪನಿಗಳು ಮೇಜು ಕೊಂಡು ಅದನ್ನು ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಖರ್ಚು ಎಂದು ತೋರಿಸಲು ಕೇಳುತ್ತವೆ. ಆಗುವುದಿಲ್ಲ. ಪ್ರಚಾರದ ಲಾಭಕ್ಕಾಗಿ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಅಲ್ಲ, ಅದಕ್ಕೆ ಶೇ 18 ಜಿಎಸ್‌ಟಿಯೂ ಇದೆ. ಸಿಎಸ್‌ಆರ್ ಹಣ ಬೇಕಿದ್ದರೆ ಸಿಎಸ್‌ಆರ್-1 ನೋಂದಣಿ ಸಂಖ್ಯೆಯೊಂದಿಗೆ ಪ್ರತ್ಯೇಕ ಯೋಜನಾ ಪತ್ರ ಕೊಡಿ.

ಜನವರಿಯಲ್ಲಿ ಊರಿಗೆ ಬಂದಿರುವ ಅಮೆರಿಕದ ಕನ್ನಡಿಗರು ದೊಡ್ಡ ಮನಸ್ಸಿನಿಂದ ಕೈ ಎತ್ತುತ್ತಾರೆ. ಅವರನ್ನು ಒಂದೇ ಪ್ರಶ್ನೆ ಕೇಳಿ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದು ಓಸಿಐ ಕಾರ್ಡ್ ಹೊಂದಿರುವವರು ಇಲ್ಲಿನ ರೂಪಾಯಿ ಖಾತೆಯಿಂದ ಕೊಟ್ಟರೂ ಅದು ವಿದೇಶಿ ಮೂಲವೇ. ಟ್ರಸ್ಟಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ, ನೋಂದಣಿ ಇರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೇ ಹೋಗಬೇಕು. ಆ ಚೀಟಿಗಳಿಗೆ ಬೇರೆ ಬಣ್ಣ ಕೊಡಿ, ಆ ರಾತ್ರಿಯ ಕ್ಯೂಆರ್ ಅವರ ಮುಂದೆ ಹಿಡಿಯಲೇಬೇಡಿ.

ಮಾರನೇ ದಿನ ಬೆಳಿಗ್ಗೆ 10ಕ್ಕೆ ಎಲ್ಲರಿಗೂ ಧನ್ಯವಾದದ ಫೋನು, ಹಣದ ಮಾತಿಲ್ಲದೆ. ಮೂರನೇ ದಿನ ಬ್ಯಾಂಕ್ ವಿವರ, ಚೀಟಿಯ ಫೋಟೋ. ಹದಿನೈದನೇ ದಿನ ಗುಲಾಬಿ ಪ್ರತಿ ಹಿಡಿದ ಅದೇ ವ್ಯಕ್ತಿಯಿಂದ ಮತ್ತೊಂದು ಫೋನು. ಯಂತ್ರ ಬಂದು ಚಾಲೂ ಆದ ಮೇಲೆ ದಾನಿಗೆ ಪತ್ರ ಬರೆಯಿರಿ: ಸೀರಿಯಲ್ ನಂಬರ್, ಯಾವ ಬೆಡ್ ಪಕ್ಕದಲ್ಲಿದೆ, ಮೊದಲ ಆರು ತಿಂಗಳಲ್ಲಿ ಎಷ್ಟು ಗಂಟೆ ಓಡಿದೆ, ಸಿಎಂಸಿಗೆ ಇಟ್ಟ 1.7 ಲಕ್ಷ ಯಾವ ಖಾತೆಯಲ್ಲಿದೆ. ರೋಗಿಯ ಫೋಟೋ ಬೇಡ, ಗಂಟೆ ತೋರಿಸುವ ಮೀಟರಿನ ಫೋಟೋ ಸಾಕು.