ಆವ್ರೋ 504ಕೆ: ಕೊನೆಗೂ ಕಡ್ಡಿ ನಿಂತಿತು

ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ವಿಮಾನ ಆವ್ರೋ 504ಕೆಯ ಪುಟ್ಟ ಮಾದರಿ ಕಟ್ಟುತ್ತಿದ್ದೇನೆ. ಮೂರು ವಾರ ಕಾಡಿದ ಅದರ ಸ್ಕಿಡ್, ಅಂದ್ರೆ ಹೊಟ್ಟೆಯಡಿಯ ಆಸರೆ ಕಡ್ಡಿ, ನಿನ್ನೆ ರಾತ್ರಿ ಹನ್ನೊಂದೂವರೆಗೆ ನೆಟ್ಟಗೆ ನಿಂತಿತು. ಮನೆಯವರೆಲ್ಲ ಮಲಗಿದ್ದರು, ಕುಣಿಯೋಕೂ ಆಗಲಿಲ್ಲ.

ಬಾಡಿ, ರೆಕ್ಕೆ, ಪ್ರೈಮರ್ ಎಲ್ಲ ಮಾಮೂಲು, ಬಿಡಿ. 1:48 ಅಳತೆ, ರೆಕ್ಕೆ ತುದಿಯಿಂದ ತುದಿಗೆ ಸುಮಾರು 23 ಸೆಂ.ಮೀ. ತಲೆನೋವಾಗಿದ್ದು ಎರಡು ಚಕ್ರಗಳ ನಡುವೆ ಮುಂದಕ್ಕೆ ಚಾಚಿಕೊಂಡಿರುವ ಆ ಮರದ ಸ್ಕಿಡ್. ಇಂಗ್ಲಿಷ್‌ನಲ್ಲಿ ಅದರ ಅಡ್ಡಹೆಸರೇ ಹಲ್ಲುಕಡ್ಡಿ!

ಅದನ್ನು ಸುಮ್ನೆ ಇಟ್ಟಿದ್ದಲ್ಲ. 504 ಮೊದಲು ಹಾರಿದ್ದು 1913ರಲ್ಲಿ. 1914ರ ನವೆಂಬರ್‌ನಲ್ಲಿ ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿ ಜೆಪ್ಪೆಲಿನ್ ಎಂಬ ದೈತ್ಯ ವಾಯುನೌಕೆಗಳ ಶೆಡ್‌ಗಳ ಮೇಲೆ ಬಾಂಬ್ ಹಾಕಿದ್ದೂ ಇದೇ. ಯುದ್ಧಕ್ಕೆ ಬೇಗ ಹಳತಾಯಿತು, ಕಲಿಸೋಕೆ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು. ಹೊಸಬರು ಇಳಿಸುವಾಗ ಮೂತಿ ನೆಲಕ್ಕೆ ಕುಟ್ಟಿದರೆ, ವಿಮಾನ ಮಗುಚದ ಹಾಗೆ ಸ್ಕಿಡ್ ತಡೆಯುತ್ತಿತ್ತು. 1917ರಲ್ಲಿ ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ ಹಾರಾಟ ಕಲಿಸುತ್ತಿದ್ದ ಸ್ಮಿತ್-ಬ್ಯಾರಿ ಇನ್ನೂ ಮುಂದೆ ಹೋದರು. ಸ್ಪಿನ್ (ವಿಮಾನ ಗಿರಕಿ ಹೊಡೆಯುತ್ತ ಕೆಳಗೆ ಬೀಳೋದು) ಅಂದ್ರೆ ಹೆದರಬೇಡ ಅಂತ ಬೇಕಂತಲೇ ವಿಮಾನವನ್ನು ಅದಕ್ಕೆ ಹಾಕಿ, ಹೊರಗೆ ಬರೋದನ್ನು ಕಲಿಸಿದರು. ಮೇಷ್ಟ್ರು ಬೈಯೋಕೆ ಮಾತಾಡುವ ಕೊಳವೆ ಬೇರೆ.

ನನ್ನ ಕಿಟ್‌ನ ಸ್ಕಿಡ್ ಡಬ್ಬಿಯಲ್ಲೇ ಎರಡು ತುಂಡಾಗಿತ್ತು. ಮಾರಿದವರು ‘ವಾಪಸ್ ಇಲ್ಲ ಸಾರ್’ ಅಂದರು. ಅಂಟಿಸಿದೆ, ಮುರಿಯಿತು. ಹಿತ್ತಾಳೆ ಕಡ್ಡಿ ಹಾಕಿದೆ, ಸೂಪರ್‌ಗ್ಲೂ ಹಿಡಿಯಲಿಲ್ಲ. ಅರ್ಧ ಮಿಲಿಮೀಟರ್ ಓರೆಯಾದರೂ ಇಡೀ ವಿಮಾನ ಕುಂಟುತ್ತೆ.

ಕೊನೆಗೆ ಕಣ್ಣಿಗೆ ಬಿದ್ದಿದ್ದು ದೇವರ ಮನೆಯ ಊದುಬತ್ತಿ. ಉರಿದು ಉಳಿದ ಬಿದಿರು ಕಡ್ಡಿಯನ್ನು ಉಜ್ಜಿ, ನೆನೆಸಿ, ದೀಪದ ಮೇಲೆ ಹಿಡಿದು ತುದಿ ಮೇಲಕ್ಕೆ ಬಗ್ಗಿಸಿದೆ. ನಾಲ್ಕು ಕಡ್ಡಿ ಸುಟ್ಟವು, ಐದನೆಯದು ಮಾತು ಕೇಳಿತು. ವಿಮಾನವನ್ನು ಥರ್ಮಾಕೋಲ್ ತೊಟ್ಟಿಲಲ್ಲಿ ಬೋರಲು ಮಲಗಿಸಿ, ಮೂತಿಯಿಂದ ಬಾಲಕ್ಕೆ ದಾರ ಎಳೆದು, ದಾರದ ನೆರಳಿಗೆ ಸರಿಯಾಗಿ ಕಡ್ಡಿ ಕೂರಿಸಿದೆ. ಈಗ ನನ್ನ ಆವ್ರೋ ಮಲ್ಲಿಗೆ ವಾಸನೆ ಬರುತ್ತೆ.

ಇದು ಮುಗಿದರೆ ಎಚ್‌ಟಿ-2. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿ 1951ರಲ್ಲಿ ಹಾರಿದ ನಮ್ಮದೇ ತರಬೇತಿ ವಿಮಾನ. ಆವ್ರೋ ಹಾಗೆ ಮೇಲೊಂದು ಕೆಳಗೊಂದು ಅಲ್ಲ, ಒಂದೇ ಜೊತೆ ರೆಕ್ಕೆ, ನಡುವೆ ತಂತಿಗಳ ಬದಲು ದಾರ ಕಟ್ಟುವ ಕಾಟ ಇಲ್ಲ! ಆದರೆ ಕಿಟ್ ಎಲ್ಲೂ ಸಿಕ್ಕಿಲ್ಲ, ಪ್ಲಾಸ್ಟಿಕ್ ಶೀಟಲ್ಲೇ ಕೊರೀಬೇಕು.

ಅದಕ್ಕೆ ಮುಂಚೆ ಹೊಟ್ಟೆಯಡಿ ಹರಳೆಣ್ಣೆ ಕಲೆ ಹಾಕಬೇಕು. ರೋಟರಿ ಎಂಜಿನ್ ಅಲ್ವಾ, ಸಿಲಿಂಡರ್‌ಗಳೇ ಗಿರಗಿರ ತಿರುಗಿ ಎಣ್ಣೆಯನ್ನೆಲ್ಲ ಹಿಂದಕ್ಕೆ ಎರಚುತ್ತಿದ್ದವು. ಆಮೇಲೆ ರೆಕ್ಕೆಗಳ ನಡುವೆ ತಂತಿ ಕಟ್ಟೋದು. ಕೂದಲಿನಷ್ಟು ಸಣ್ಣ ದಾರ ಕೇಳಿದ್ದೆ. ಬಂದಿರೋದು ಗಾಳಿಪಟದ ದಾರ.